ಎಲ್ಲರ ವಿಶ್ವಕೋಶವೂ ನಮ್ಮ ಸೀಮೆಯ ಕಲ್ಲುಗಳೂ

ಕಳೆದ ವರ್ಷ ನಮ್ಮ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ತನ್ನ ಊರಿನ ಕೆರೆಯ ದಡದಲ್ಲಿ ಬಟ್ಟೆ ಒಗೆಯುವ ಕಲ್ಲೊಂದರ ಚಿತ್ರವನ್ನು ತಂದು ನನಗೆ ತೋರಿಸಿದಳು. ಕಲ್ಲಿನ ಮೇಲೆ ಹಳಗನ್ನಡದ ಅಕ್ಷರಗಳು ಅರ್ಧ ಸವೆದು ಅರ್ಧ ಉಳಿದುಕೊಂಡಿದ್ದುವು. ಬಿ. ಲೂಯಿ ರೈಸ್ ಸಾಹೇಬರು ೧೯೦೪ರಲ್ಲಿ ಪ್ರಕಟಿಸಿದ ತುಮಕೂರು ಜಿಲ್ಲೆಯ ಶಾಸನಗಳ ಸಂಪುಟವು ನಮ್ಮ ಶಾಲೆಯ ಪುಸ್ತಕಭಂಡಾರದಲ್ಲಿ ಇಲ್ಲ. ಆದರೆ ಅಂತರಜಾಲದಲ್ಲಿ ಯಾರೋ ಪುಣ್ಯಾತ್ಮರು ಅದರ ಪ್ರತಿಯನ್ನು ಇಟ್ಟಿರುವರು. ಅದನ್ನು ತೆರೆದು ನೋಡಲಾಗಿ, ಆ ಊರಿನ ಹೆಸರಿನ ಕೆಳಗೆ ಶಾಸನದ ಪಾಠವು ಅಚ್ಚಾಗಿತ್ತು. ಕಲ್ಲಿನಲ್ಲಿ ಈಗ ಕಾಣದಿರುವ ಕೆಲವು ಸಾಲುಗಳು ಪುಸ್ತಕದಲ್ಲಿದ್ದುವು. ಹುಡುಗಿಯು ಸ್ವಲ್ಪ ಹೊತ್ತು ಸುಮ್ಮನಿದ್ದು, "ಟೀಚರಮ್ಮ, ಪುಸ್ತಕವನ್ನು ಇಟ್ಟ ಹಾಗೆಯೇ ಈ ಕಲ್ಲಿನ ಚಿತ್ರವನ್ನೂ ಎಲ್ಲರೂ ನೋಡುವ ಹಾಗೆ ಇಡಬಹುದಲ್ಲವೇ? ಇಡತಕ್ಕವರು ಯಾರು?" ಎಂದು ಕೇಳಿದಳು. ಈ ಸ್ಮರಣ ಸಂಚಿಕೆಗಾಗಿ ಸಮಿತಿಯವರು ನನ್ನಿಂದ ಲೇಖನವನ್ನು ಅಪೇಕ್ಷಿಸಿದಾಗ, ಆ ಪ್ರಶ್ನೆಗೆ ಉತ್ತರವನ್ನು ಬರೆಯುವುದೇ ಯುಕ್ತವೆಂದು ತೋರಿತು.

ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ವಿಕಿಪೀಡಿಯವೆಂಬ ಹೆಸರನ್ನು ಬಲ್ಲರು. ಮಕ್ಕಳ ಕೈಯಲ್ಲಿರುವ ಮೊಬೈಲಿನಲ್ಲಿ ಯಾವುದಾದರೊಂದು ಊರಿನ ಅಥವಾ ಮಹನೀಯರ ಹೆಸರನ್ನು ಹುಡುಕಿದೊಡನೆ ಅದರ ಪುಟವು ಮೊದಲಿಗೆ ಕಾಣಿಸುವುದುಂಟು. ಅದನ್ನು ಬರೆದವರಾರು ಎಂಬುದನ್ನು ಮಾತ್ರ ಬಹು ಮಂದಿ ವಿಚಾರಿಸುವುದಿಲ್ಲ. ಸರ್ಕಾರವು ಬರೆಯಿಸಿತೆಂದು ಕೆಲವರೂ, ಅಮೇರಿಕದ ಕಂಪೆನಿಯೊಂದು ಸಂಬಳ ಕೊಟ್ಟು ಬರೆಯಿಸುತ್ತದೆಂದು ಕೆಲವರೂ ತಿಳಿದಿರುವರು. ಎರಡೂ ಸರಿಯಲ್ಲ. ೨೦೦೧ನೆಯ ಇಸವಿಯ ಜನವರಿ ೧೫ರಂದು ಇಂಗ್ಲಿಷಿನಲ್ಲಿ ಆರಂಭವಾದ ಈ ವಿಶ್ವಕೋಶವನ್ನು ಬರೆದವರೂ ತಿದ್ದಿದವರೂ ಕಾಯುತ್ತಿರುವವರೂ ಸ್ವಯಂಸೇವಕರು. ಉಪಾಧ್ಯಾಯರು, ಇಂಜಿನಿಯರುಗಳು, ವಿದ್ಯಾರ್ಥಿಗಳು, ನಿವೃತ್ತರಾದ ಗುಮಾಸ್ತರು, ಹೀಗೆ ನಾನಾ ವೃತ್ತಿಯವರು ತಮ್ಮ ಬಿಡುವಿನ ವೇಳೆಯಲ್ಲಿ ಒಂದು ಕಾಸಿನ ಪ್ರತಿಫಲವೂ ಇಲ್ಲದೆ ಈ ಕೆಲಸವನ್ನು ಮಾಡುತ್ತಿರುವರು. ಕನ್ನಡದ ವಿಕಿಪೀಡಿಯವು ೨೦೦೩ರ ಜೂನ್ ತಿಂಗಳಲ್ಲಿಯೂ, ತುಳುವಿನದು ೨೦೧೬ರ ಆಗಸ್ಟ್ ತಿಂಗಳಲ್ಲಿಯೂ ಹುಟ್ಟಿದುವು. ಇಂಗ್ಲಿಷಿನಲ್ಲಿ ೨೦೨೦ರ ಆರಂಭಕ್ಕೇ ೬೦ ಲಕ್ಷ ಲೇಖನಗಳಿದ್ದುವು. ಕನ್ನಡದವು ಸಾವಿರಗಳ ಲೆಕ್ಕದಲ್ಲಿವೆ, ಲಕ್ಷವನ್ನು ಮುಟ್ಟಿಲ್ಲ. ಕೋಟ್ಯಂತರ ಜನರ ನುಡಿಗೆ ಇದು ಅಲ್ಪವೇ ಸರಿ. ಆದರೂ ಇರುವಷ್ಟನ್ನು ಬೆರಳೆಣಿಕೆಯ ಜನರು ದುಡಿದು ಬೆಳೆಯಿಸಿದರೆಂಬುದನ್ನು ನೆನೆದರೆ ದೂರುವುದಕ್ಕೆ ಬಾಯಿ ಬರುವುದಿಲ್ಲ.

ಜ್ಞಾನವನ್ನು ಕೂಡಿಸಿ ನಾಡಿಗೆ ಕೊಡುವ ಕೆಲಸವು ನಮ್ಮಲ್ಲಿ ಹೊಸದೇನೂ ಅಲ್ಲ. ಬಾಸೆಲ್ ಮಿಷನ್ನಿನ ಫರ್ಡಿನಂಡ್ ಕಿಟ್ಟೆಲ್ ಪಾದ್ರಿಯವರು ೧೮೫೩ರಲ್ಲಿ ಈ ದೇಶಕ್ಕೆ ಬಂದು, ದೇಶೀಯ ಪಂಡಿತರ ನೆರವಿನಿಂದ ಅನೇಕ ವರ್ಷ ದುಡಿದು, ೧೮೯೪ರಲ್ಲಿ ಮಂಗಳೂರಿನ ಮಿಷನ್ ಮುದ್ರಣಾಲಯದಿಂದ ಕನ್ನಡ ನಿಘಂಟನ್ನು ಹೊರಡಿಸಿದರು. ಮೇಲೆ ಹೇಳಿದ ರೈಸ್ ಸಾಹೇಬರಾದರೋ ಲಂಡನ್ ಮಿಷನ್ನಿನ ಪಾದ್ರಿಯವರ ಮಗನಾಗಿ ೧೮೩೭ರಲ್ಲಿ ಬೆಂಗಳೂರಿನಲ್ಲಿಯೇ ಹುಟ್ಟಿದವರು. ಶಾಲೆಯ ಮುಖ್ಯೋಪಾಧ್ಯಾಯರಾಗಿ ಉದ್ಯೋಗವನ್ನು ಆರಂಭಿಸಿ, ಮುಂದೆ ಮೈಸೂರು ಸೀಮೆಯ ಊರೂರುಗಳ ಸುಮಾರು ಒಂಬತ್ತು ಸಾವಿರ ಶಾಸನಗಳನ್ನು ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಸಂಪುಟಮಾಲೆಯಲ್ಲಿ ಪ್ರಕಟಿಸಿದರು. ಶಿವರಾಮ ಕಾರಂತರು ೧೯೩೬ರಲ್ಲಿ ಮಕ್ಕಳಿಗಾಗಿ "ಬಾಲಪ್ರಪಂಚ"ದ ಮೂರು ಸಂಪುಟಗಳನ್ನು ಒಬ್ಬರೇ ರಚಿಸಿದರು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶದ ಮೊದಲನೆಯ ಸಂಪುಟವು ೧೯೬೯ರಲ್ಲಿ ಬಂದು, ಮುಂದೆ ಹದಿನಾಲ್ಕು ಸಂಪುಟಗಳಾದುವು. ಇವೆಲ್ಲವೂ ಒಬ್ಬ ಮಹಾಪುರುಷನ ಅಥವಾ ಒಂದು ಸಂಸ್ಥೆಯ ಸಾಹಸಗಳು. ಅವುಗಳ ಬೆಲೆಯನ್ನು ತೆರಲಾರದ ಶಾಲೆಗಳು ಅವನ್ನು ಕಣ್ಣಿನಿಂದ ನೋಡಿದುದೂ ಅಪೂರ್ವವೇ. ಎಲ್ಲರೂ ಬರೆಯತಕ್ಕದ್ದೂ ಎಲ್ಲರಿಗೂ ಬೆಲೆಯಿಲ್ಲದೆ ದೊರೆಯತಕ್ಕದ್ದೂ ಆದ ವಿಶ್ವಕೋಶವೆಂಬುದೇ ಈ ಕಾಲದ ವಿಶೇಷವು.

ಯಾರು ಬೇಕಾದರೂ ಬರೆಯಬಹುದಾದರೆ ಸುಳ್ಳು ಸೇರದೆ ಇದ್ದೀತೇ ಎಂದು ತಂದೆತಾಯಿಗಳು ನನ್ನನ್ನು ಕೇಳುವುದುಂಟು. ಸೇರುತ್ತದೆ, ಇದನ್ನು ಮುಚ್ಚಿಡುವುದರಿಂದ ಪ್ರಯೋಜನವಿಲ್ಲ. ಅದಕ್ಕೆ ಅವರು ಮಾಡಿಕೊಂಡಿರುವ ಕಾವಲು ಎರಡು ವಿಧವಾದುದು. ಪ್ರತಿಯೊಂದು ಪುಟದಲ್ಲಿಯೂ ಯಾವ ದಿನ ಯಾವ ಹೆಸರಿನವರು ಯಾವ ಮಾತನ್ನು ಸೇರಿಸಿದರು ಅಥವಾ ತೆಗೆದರು ಎಂಬುದು ದಫ್ತರಿನಲ್ಲಿ ಬರೆದಿಟ್ಟಂತೆ ಉಳಿದಿರುತ್ತದೆ. ತಪ್ಪು ಕಂಡಾಗ ಯಾರಾದರೂ ಹಿಂದಿನ ಪಾಠವನ್ನು ಮರಳಿ ಇಡಬಹುದು. ಎರಡನೆಯದಾಗಿ, ಬರೆದ ಮಾತಿಗೆ ಆಧಾರವಾದ ಮುದ್ರಿತ ಗ್ರಂಥವನ್ನೋ ಪತ್ರಿಕೆಯನ್ನೋ ಕೆಳಗೆ ತೋರಿಸತಕ್ಕದ್ದು. "ನನಗೆ ಗೊತ್ತು" ಎಂಬುದು ಅಲ್ಲಿ ಆಧಾರವಾಗದು. ನಮ್ಮ ಊರಿನ ಹಿರಿಯರು ಹೇಳುತ್ತಾರೆಂಬುದೂ ಆಗದು. ಮೊದಲಿಗೆ ಇದು ಬಹಳ ಕಠಿನವಾದ ನಿಯಮವಾಗಿ ನನಗೆ ತೋರಿತು. ಆದುದರಿಂದಲೇ ಹುಡುಗಿಯರಿಗೆ ನಾನು ಹೇಳುವುದೇನೆಂದರೆ, ವಿಕಿಪೀಡಿಯದ ಪುಟವನ್ನು ಉತ್ತರಪತ್ರಿಕೆಗೆ ಇಳಿಸಬೇಡಿರಿ. ಪುಟದ ತಳದಲ್ಲಿ ಹೆಸರಿಸಿದ ಗ್ರಂಥದ ಬಳಿಗೆ ಹೋಗಿರಿ.

ಮತ್ತೊಂದು ಸಂಗತಿಯು ಪರವಾನಗಿಯದು. ಒಬ್ಬರು ಬರೆದ ಗ್ರಂಥದ ಹಕ್ಕು ನಮ್ಮ ದೇಶದ ಕಾನೂನಿನಂತೆ ಅವರ ಆಯುಷ್ಯಪರ್ಯಂತವೂ, ಮರಣದ ನಂತರ ಅರವತ್ತು ವರ್ಷಗಳವರೆಗೂ ಅವರಿಗೂ ಅವರ ವಾರಸುದಾರರಿಗೂ ಸೇರಿದುದು. ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ ೧೮೮೪ರಲ್ಲಿ ಜನಿಸಿದ ಆಚಾರ್ಯ ಬಿ. ಎಂ. ಶ್ರೀಕಂಠಯ್ಯನವರು ೧೯೪೬ರಲ್ಲಿ ಕಾಲವಾದರು. ಆದುದರಿಂದ ಅವರ ಕೃತಿಗಳು ೨೦೦೭ರ ಆರಂಭದಿಂದ ಸರ್ವರ ಸ್ವತ್ತಾದುವು. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದವರಾದ ತೀ. ನಂ. ಶ್ರೀಕಂಠಯ್ಯನವರು ೧೯೬೬ರಲ್ಲಿ ತೀರಿಕೊಂಡುದರಿಂದ ಅವರ ಗ್ರಂಥಗಳ ಹಕ್ಕು ೨೦೨೬ರ ಅಂತ್ಯದವರೆಗೆ ಇರುವುದು. ಹಕ್ಕುಳ್ಳವರು ಬಯಸಿದರೆ ಆ ಕಾಲವನ್ನು ಕಾಯದೆ ತಾವಾಗಿಯೇ ಕೊಡಬಹುದು. ಕ್ರಿಯೇಟಿವ್ ಕಾಮನ್ಸ್ ಎಂಬ ಪರವಾನಗಿಗಳು ಇದಕ್ಕಾಗಿಯೇ ಇರುವುವು. ವಿಕಿಪೀಡಿಯದಲ್ಲಿ ನಡೆಯುವ ಪರವಾನಗಿಯ ಅರ್ಥವೇನೆಂದರೆ, ಬರೆದವರ ಹೆಸರನ್ನು ಹೇಳಿ ಯಾರು ಬೇಕಾದರೂ ಪ್ರತಿ ಮಾಡಬಹುದು, ತಿದ್ದಬಹುದು, ಮಾರಲೂ ಬಹುದು. ಆದರೆ ತಾವು ತಿದ್ದಿದುದನ್ನೂ ಅದೇ ಷರತ್ತಿನ ಮೇಲೆ ಇತರರಿಗೆ ಬಿಡಬೇಕು. "ಮಾರಲೂ ಬಹುದು" ಎಂಬ ಮಾತನ್ನು ಕೇಳಿ ನಮ್ಮ ಉಪಾಧ್ಯಾಯಿನಿಯೊಬ್ಬರು ಹುಬ್ಬೇರಿಸಿದರು. ಕೊಟ್ಟ ಮೇಲೆ ಕೊಟ್ಟದ್ದೇ. ಅರ್ಧ ಕೈಯಿಂದ ಕೊಡುವುದಕ್ಕೆ ಅಲ್ಲಿ ಎಡೆಯಿಲ್ಲ. ಮೈಸೂರು ವಿಶ್ವವಿದ್ಯಾನಿಲಯವು ೨೦೧೪ರಲ್ಲಿ ತನ್ನ ಕನ್ನಡ ವಿಶ್ವಕೋಶದ ಸಂಪುಟಗಳನ್ನು ಈ ರೀತಿ ಬಿಟ್ಟುಕೊಟ್ಟಿತು. ವಿದ್ವಾಂಸರು ದಶಕಗಳ ಕಾಲ ದುಡಿದ ಫಲವು ಸ್ವಯಂಸೇವಕರ ಕೈಗೆ ಬಂದುದು ಕನ್ನಡದ ಮಟ್ಟಿಗೆ ಸಣ್ಣ ಸಂಗತಿಯಲ್ಲ.

ಈಗ ವಸ್ತುಸಂಗ್ರಹಾಲಯಗಳ ವಿಚಾರ. ಅವುಗಳ ಬಳಿ ವಸ್ತುವೂ ಇದೆ, ವಸ್ತುವನ್ನು ಬಲ್ಲ ವಿದ್ವಾಂಸರೂ ಇರುವರು, ದಾಖಲೆಯ ಪಟ್ಟಿಯೂ ಇರುವುದು. ಇಲ್ಲದಿರುವುದು ಬರೆಯುವ ಕೈಗಳು. ಒಂದೊಂದು ಸಂಗ್ರಹಾಲಯದಲ್ಲಿ ಕೋಣೆಗಳಲ್ಲಿ ಕಾಣುವುದಕ್ಕಿಂತ ಉಗ್ರಾಣದಲ್ಲಿ ಇರುವುದೇ ಹೆಚ್ಚು. ಸ್ವಯಂಸೇವಕರ ಬಳಿ ಕೈಗಳುಂಟು, ಉತ್ಸಾಹವುಂಟು; ವಸ್ತುವಿಲ್ಲ. ಇಬ್ಬರೂ ಕೂಡಿದರೆ ಒಬ್ಬರ ಕೊರತೆಯನ್ನು ಮತ್ತೊಬ್ಬರು ತುಂಬುವರೆಂಬುದು ಹೇಳುವುದಕ್ಕೆ ಸುಲಭವಾದರೂ ಬಹುಕಾಲ ನಡೆಯಲಿಲ್ಲ. ಚಿತ್ರಗಳನ್ನು ಬಿಟ್ಟುಕೊಟ್ಟರೆ ಬರುವ ಅಲ್ಪ ಹಣವೂ ತಪ್ಪುವುದೆಂದು ಸಂಗ್ರಹಾಲಯದವರು ಅಂಜುತ್ತಿದ್ದರು; ಕಂಡವರೆಲ್ಲ ಬರೆಯುವ ಪುಸ್ತಕದಲ್ಲಿ ತಮ್ಮ ವಸ್ತುವಿನ ವಿಷಯವು ಕೆಟ್ಟುಹೋದೀತೆಂದು ಸಂಶಯಪಡುತ್ತಿದ್ದರು. ೨೦೧೦ರಲ್ಲಿ ಲಂಡನ್ನಿನ ಬ್ರಿಟಿಷ್ ವಸ್ತುಸಂಗ್ರಹಾಲಯವು ಲಿಯಂ ವ್ಯಾಟ್ ಎಂಬ ಆಸ್ಟ್ರೇಲಿಯದ ಸ್ವಯಂಸೇವಕರನ್ನು ಐದು ವಾರಗಳ ಕಾಲ ತನ್ನೊಳಗೆ ಇರಿಸಿಕೊಂಡಿತು. ಅವರ ಕೆಲಸವು ಲೇಖನಗಳನ್ನು ತಾವೇ ಬರೆಯುವುದಾಗಿರಲಿಲ್ಲ. ಒಳಗಿನ ವಿದ್ವಾಂಸರಿಗೂ ಹೊರಗಿನ ಬರೆಹಗಾರರಿಗೂ ಪರಿಚಯ ಮಾಡಿಸುವುದಾಗಿತ್ತು. ಸ್ವಯಂಸೇವಕರನ್ನು ಒಂದು ದಿನ ಸಂಗ್ರಹಾಲಯದ ಹಿಂಬದಿಯ ಕೋಣೆಗಳಿಗೆ ಕರೆದೊಯ್ದು ತೋರಿಸಿದರು. ಅಲ್ಲಿಯ ವಸ್ತುಗಳ ವಿಷಯವಾಗಿ ಯಾವ ಭಾಷೆಯಲ್ಲಾದರೂ ಉತ್ತಮ ದರ್ಜೆಗೆ ಏರಿದ ಲೇಖನಗಳಿಗೆ ಬಹುಮಾನವನ್ನು ಸಾರಿದರು. ಆಮೇಲೆ ದೇಶದೇಶಗಳ ಸಂಗ್ರಹಾಲಯಗಳೂ ಗ್ರಂಥಾಲಯಗಳೂ ಈ ದಾರಿಯನ್ನು ಹಿಡಿದುವು. ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಸಂಗ್ರಹಾಲಯವು ೨೦೧೭ರಲ್ಲಿ ೩ ಲಕ್ಷ ೭೫ ಸಾವಿರ ಚಿತ್ರಗಳನ್ನು ಯಾವ ಷರತ್ತೂ ಇಲ್ಲದೆ ಬಿಟ್ಟುಕೊಟ್ಟಿತು.

ನಮ್ಮ ಮಿಷನ್ನುಗಳ ಹಳೆಯ ಪುಸ್ತಕಗಳಿಗೂ ಇಂಥ ಭಾಗ್ಯವು ಬಂದಿದೆ. ಬಾಸೆಲ್ ಮಿಷನ್ನಿನ ಹರ್ಮನ್ ಗುಂಡರ್ಟರು ಸಂಗ್ರಹಿಸಿದ ಮಲಯಾಳ, ಕನ್ನಡ, ತುಳು ಮೊದಲಾದ ಭಾಷೆಗಳ ಗ್ರಂಥಗಳು ಜರ್ಮನಿಯ ಟ್ಯೂಬಿಂಗೆನ್ ವಿಶ್ವವಿದ್ಯಾನಿಲಯದಲ್ಲಿದ್ದುವು. ಅವುಗಳ ಚಿತ್ರಗಳನ್ನು ೨೦೧೮ರಿಂದ ಎಲ್ಲರೂ ನೋಡುವಂತೆ ಇಟ್ಟಿರುವರು. ಮಲಯಾಳದ ಸ್ವಯಂಸೇವಕರೂ ವಿದ್ಯಾರ್ಥಿಗಳೂ ತಮ್ಮ ಭಾಷೆಯ ಪುಸ್ತಕಗಳನ್ನು ಅಕ್ಷರ ಅಕ್ಷರವಾಗಿ ಬೆರಳಚ್ಚು ಮಾಡಿ, ವಿಕಿಸೋರ್ಸ್ ಎಂಬ ಮುಕ್ತ ಗ್ರಂಥಾಲಯಕ್ಕೆ ಸೇರಿಸಿದರು. ಕನ್ನಡಕ್ಕೂ ವಿಕಿಸೋರ್ಸ್ ಉಂಟು. ಅಲ್ಲಿ ಕೆಲಸವು ಕೈಗಳಿಗಾಗಿ ಕಾದಿದೆ.

ಕನ್ನಡ ನಾಡಿನಲ್ಲಿ ಈ ಸಹಕಾರಕ್ಕೆ ಅತ್ಯಂತ ಸಮೀಪವಾದ ದೃಷ್ಟಾಂತವು ಬೆಂಗಳೂರಿನ ಶಾಸನಗಳದು. ಹೆಬ್ಬಾಳದಲ್ಲಿ ೨೦೧೮ರಲ್ಲಿ ಒಂದು ವೀರಗಲ್ಲು ಕಂಡುಬಂದಿತು. ಗಂಗರ ಅರಸನಾದ ಶ್ರೀಪುರುಷನ ಕಾಲದಲ್ಲಿ, ಎಂದರೆ ಕ್ರಿಸ್ತಶಕ ಸುಮಾರು ೭೫೦ರಲ್ಲಿ, ಹೋರಾಡಿ ಮಡಿದ ಕಿತ್ತಯ್ಯನೆಂಬವನ ಸ್ಮಾರಕವದು; "ಪೆರ್ಬೊಳಲ್" ಎಂಬುದಾಗಿ ಹೆಬ್ಬಾಳದ ಹಳೆಯ ಹೆಸರೂ ಅದರಲ್ಲಿದೆ. ಬೆಂಗಳೂರಿನಲ್ಲಿ ದೊರೆತಿರುವ ಕನ್ನಡ ಶಾಸನಗಳಲ್ಲಿ ಅದೇ ಅತಿ ಹಳೆಯದೆಂದು ತಿಳಿದವರು ಹೇಳುವರು. ಅದನ್ನು ಗುರುತಿಸಿ ಉಳಿಸಿದವರು ಸಂಬಳದ ಅಧಿಕಾರಿಗಳಲ್ಲ. ಶಾಸನಗಳಲ್ಲಿ ಆಸಕ್ತಿಯುಳ್ಳ ನಾಗರಿಕರು. ಹೆಬ್ಬಾಳದ ನಿವಾಸಿಗಳು ಅದಕ್ಕೊಂದು ಮಂಟಪವನ್ನೂ ಕಟ್ಟಿಸಿದರು.

೨೦೨೧ರಲ್ಲಿ, ೧೯೦೯ರಿಂದ ನಡೆದುಬಂದಿರುವ ಮಿಥಿಕ್ ಸೊಸೈಟಿಯು ಇಂಥ ಶಾಸನಗಳನ್ನು ಮೂರು ಆಯಾಮಗಳಲ್ಲಿ ಅಚ್ಚೊತ್ತಿಕೊಳ್ಳುವ ಯೋಜನೆಯನ್ನು ಕೈಕೊಂಡಿತು. ಶ್ರೀ ಪಿ. ಎಲ್. ಉದಯಕುಮಾರರು ಇದರ ಮುಂದಾಳುಗಳು. ಒಂದು ಯಂತ್ರವು ಕಲ್ಲಿನ ಮೇಲೆ ಬೆಳಕನ್ನು ಹಾಯಿಸಿ, ಅದರ ಏರುತಗ್ಗುಗಳನ್ನು ಅಳೆದು, ಗಣಕಯಂತ್ರದಲ್ಲಿ ಕಲ್ಲಿನ ಪ್ರತಿರೂಪವನ್ನು ನಿರ್ಮಿಸುವುದು. ಹಾಗೆ ನಿರ್ಮಿಸಿದ ರೂಪದ ಮೇಲೆ ಬೆಳಕನ್ನು ಯಾವ ಮಗ್ಗುಲಿಂದ ಬೇಕಾದರೂ ಬೀಳಿಸಬಹುದಾದುದರಿಂದ, ಬರಿಯ ಕಣ್ಣಿಗೆ ಸವೆದುಹೋದಂತೆ ಕಾಣುವ ಅಕ್ಷರಗಳೂ ಎಷ್ಟೋ ವೇಳೆ ಎದ್ದು ಕಾಣುವುವು. ಕಲ್ಲಿನ ಒಂದೊಂದು ಅಕ್ಷರದ ಚಿತ್ರವನ್ನೂ ಬೇರ್ಪಡಿಸಿ "ಅಕ್ಷರ ಭಂಡಾರ"ವೆಂಬ ಕೋಶದಲ್ಲಿ ಇಟ್ಟಿರುವರು. ಈ ಚಿತ್ರಗಳು ವಿಕಿಪೀಡಿಯದ ಶಾಸನ ಲೇಖನಗಳಲ್ಲಿಯೂ ಬಂದಿರುವುವು. ಸಂಸ್ಥೆಯು ಚಿತ್ರವನ್ನೂ ಪಾಠವನ್ನೂ ಒದಗಿಸಿತು, ಸ್ವಯಂಸೇವಕರು ಆ ಆಧಾರದ ಮೇಲೆ ಲೇಖನವನ್ನು ಬರೆದರು. ರೈಸ್ ಸಾಹೇಬರ ಕಾಲದಲ್ಲಿ ಇದ್ದು ಈಗ ಕಾಣೆಯಾದ ಕಲ್ಲುಗಳು ಎಷ್ಟೋ; ರಸ್ತೆಗೆ, ಚರಂಡಿಗೆ, ಮನೆಯ ಅಡಿಪಾಯಕ್ಕೆ ಹೋದುವು. ಚಿತ್ರವಾದರೂ ಉಳಿಯಲೆಂಬುದು ಇವರ ಆತುರ.

ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದ ಆತಕೂರಿನ ಕಲ್ಲನ್ನು ಇಲ್ಲಿ ನೆನೆಯದೆ ಇರಲಾರೆ, ಏಕೆಂದರೆ ನಮ್ಮ ಹುಡುಗಿಯರಿಗೆ ಅದು ಬಹು ಪ್ರಿಯವಾದುದು. ಹತ್ತನೆಯ ಶತಮಾನದ ಆ ಕಲ್ಲಿನಲ್ಲಿ ಕಾಳಿಯೆಂಬ ನಾಯಿಯೊಂದು ಹಂದಿಯೊಡನೆ ಕಾದಾಡಿ ತಾನೂ ಸತ್ತ ಸಂಗತಿಯು ಬರೆದಿದೆ. ಕಾಜಿನ ಆಚೆಯಲ್ಲಿ ಒಂದು ಸಾಲಿನ ಚೀಟಿಯೊಡನೆ ಇಟ್ಟರೆ ಅದು ಬರಿಯ ಕಲ್ಲು. ಕಥೆಯನ್ನು ಓದಿದ ಮಗುವಿಗೆ ಅದು ಕಾಳಿಯ ಕಲ್ಲು.

ನಮ್ಮ ಸೀಮೆಗೆ ಬರುವೆನು. ತಿಪಟೂರು ತಾಲ್ಲೂಕಿನ ಅರಳಗುಪ್ಪೆಯಲ್ಲಿ ಒಂಬತ್ತನೆಯ ಶತಮಾನದ ಕಲ್ಲೇಶ್ವರ ದೇವಾಲಯದ ಒಳಮಾಳಿಗೆಯಲ್ಲಿ ನರ್ತಿಸುವ ಶಿವನೂ ಸುತ್ತಲೂ ದಿಕ್ಪಾಲಕರೂ ಇರುವ ಕೆತ್ತನೆಯನ್ನು ನೋಡಲು ದೂರದೇಶದಿಂದ ವಿದ್ವಾಂಸರು ಬರುವರು. ನಮ್ಮ ಹುಡುಗಿಯರಲ್ಲಿ ಅರ್ಧ ಮಂದಿ ನೋಡಿಲ್ಲ. ಅದೇ ಊರಿನ ಚೆನ್ನಕೇಶವ ದೇವಾಲಯವೂ, ತುರುವೇಕೆರೆಯ ದೇವಾಲಯಗಳೂ, ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಶೆಟ್ಟಿಕೆರೆಯ ಯೋಗಮಾಧವನ ಗುಡಿಯೂ ಹೊಯ್ಸಳರ ಕಾಲದವು. ನಾವು ಕ್ರೈಸ್ತ ಶಾಲೆಯವರಾದರೂ, ನಮ್ಮ ಮಕ್ಕಳು ಬೆಳೆದ ನೆಲದ ಕಲ್ಲುಗಳನ್ನು ಅರಿಯುವುದು ನಮಗೆ ಪರಕೀಯವಾದುದಲ್ಲ. ರೈಸ್ ಸಾಹೇಬರಿಗೂ ಆಗಿರಲಿಲ್ಲ.

ಇವುಗಳಿಗೆ ಪುಸ್ತಕಗಳಾದರೂ ಇವೆ. ತೆಂಗಿನ ವಿಷಯವಾಗಿ ನನಗೆ ಹೆಚ್ಚಿನ ಚಿಂತೆ. ಬಲಿತ ಕಾಯಿಗಳನ್ನು ಸುಲಿಯದೆ ಅಟ್ಟದ ಮೇಲೆ ಹರವಿ ಎಂಟು ಹತ್ತು ತಿಂಗಳು ಬಿಟ್ಟರೆ, ಒಳಗಿನ ನೀರು ಇಂಗಿ, ತಿರುಳು ಚಿಪ್ಪನ್ನು ಬಿಟ್ಟು, ಅಲುಗಾಡಿಸಿದಾಗ ಗಡಗಡ ಎನ್ನುವುದು. ಆಗ ಸುಲಿದು ಚಿಪ್ಪನ್ನು ಒಡೆದು ಉಂಡೆ ಕೊಬ್ಬರಿಯನ್ನು ಇಡಿಯಾಗಿ ತೆಗೆಯುವರು. ಇಷ್ಟನ್ನು ಯಾವ ಪುಸ್ತಕವೂ ಹೇಳೀತು. ಯಾವ ಸದ್ದಿನ ಕಾಯಿ ಒಡೆಯಲು ಸಿದ್ಧವಾಯಿತು, ಯಾವುದು ಒಳಗೆ ಕೊಳೆತಿದೆ, ಅಟ್ಟದ ಬಿದಿರನ್ನು ಎಷ್ಟು ಸಂದು ಬಿಟ್ಟು ಹಾಸಬೇಕು ಎಂಬುದನ್ನು ನಮ್ಮ ಅಜ್ಜಿಯರು ಬಲ್ಲರು. ಚಿಪ್ಪಿಗೆ ಸುತ್ತಿಗೆಯ ಏಟು ಎಲ್ಲಿ ಬೀಳಬೇಕೆಂಬುದನ್ನು ಅದನ್ನು ಒಡೆಯುವ ಕೂಲಿಯ ಹೆಂಗಸರು ಬಲ್ಲರು. ಆದರೆ ಮುದ್ರಿತ ಆಧಾರವಿಲ್ಲದೆ ವಿಶ್ವಕೋಶಕ್ಕೆ ಇದು ಸೇರದು. ಆ ನಿಯಮವನ್ನು ಕಠಿನವೆಂದು ಮೇಲೆ ಹೇಳಿದುದು ಇದಕ್ಕಾಗಿಯೇ: ಬರೆದವರ ಜ್ಞಾನವು ಉಳಿಯುವುದು, ಬರೆಯದವರ ಜ್ಞಾನವು ಹೊರಗೇ ನಿಲ್ಲುವುದು. ಬರೆಯದವರಲ್ಲಿ ಹೆಂಗಸರೇ ಹೆಚ್ಚು. ವಿಕಿಪೀಡಿಯವನ್ನು ನಡೆಸುವ ಪ್ರತಿಷ್ಠಾನವು ೨೦೧೧ರಲ್ಲಿ ತನ್ನ ಬರೆಹಗಾರರನ್ನು ವಿಚಾರಿಸಿದಾಗ ಅವರಲ್ಲಿ ಹತ್ತಕ್ಕೆ ಒಬ್ಬಳು ಸ್ತ್ರೀಯೂ ಇರಲಿಲ್ಲ. ಇದಕ್ಕೆ ನಿಯಮವನ್ನು ಮುರಿಯುವುದು ಪರಿಹಾರವಲ್ಲ. ಸಂಗ್ರಹಾಲಯವೋ ಕಾಲೇಜೋ ಸೊಸೈಟಿಯೋ ಮೊದಲು ಬಲ್ಲವರ ಬಳಿಗೆ ಹೋಗಿ ಕೇಳಿ, ಹೆಸರು ದಿನಾಂಕಗಳೊಡನೆ ಬರೆದು ಪ್ರಕಟಿಸಬೇಕು. ಆಗ ಸ್ವಯಂಸೇವಕರಿಗೆ ಆಧಾರವು ದೊರೆಯುವುದು. ಸಂಗ್ರಹಾಲಯದ ಸಹಕಾರವೆಂದರೆ ಚಿತ್ರ ಕೊಡುವುದಷ್ಟೇ ಅಲ್ಲವೆಂದು ನಾನು ತಿಳಿದಿರುವುದು ಇಲ್ಲಿಯೇ.

ನಮ್ಮ ಪ್ರಯತ್ನದಲ್ಲಿ ಆದ ತಪ್ಪನ್ನೂ ಹೇಳಿಬಿಡುವೆನು. ಮೊದಲನೆಯ ಸಲ ನಮ್ಮ ನಾಲ್ವರು ಹುಡುಗಿಯರು ಒಂದು ದೇವಾಲಯದ ಮೇಲೆ ಲೇಖನವನ್ನು ಬರೆದು ಸೇರಿಸಿದರು. ಮಾರನೆಯ ದಿನ ನೋಡಿದರೆ ಯಾರೋ ತೆಗೆದುಹಾಕಿದ್ದರು. ಹುಡುಗಿಯರು ಅತ್ತರು, ನನಗೂ ಕೋಪ ಬಂದಿತು. ಕಾರಣವನ್ನು ಓದಿದಾಗ, ಇಡೀ ಎರಡು ಖಂಡಿಕೆಗಳು ಈಚಿನ ಪುಸ್ತಕವೊಂದರಿಂದ ಪದಕ್ಕೆ ಪದ ಇಳಿಸಿದುವೆಂದು ತಿಳಿಯಿತು. ಹುಡುಗಿಯರನ್ನು ಕೇಳಿದೆನು. "ಪುಸ್ತಕದಲ್ಲಿದ್ದಂತೆಯೇ ಬರೆಯಬೇಕೆಂದು ನೀವೇ ಹೇಳಿಕೊಟ್ಟಿರಲ್ಲ, ಟೀಚರಮ್ಮ" ಎಂದರು. ಇಪ್ಪತ್ತು ವರ್ಷಗಳಿಂದ ಪರೀಕ್ಷೆಗಾಗಿ ನಾನು ಹೇಳಿಕೊಟ್ಟಿದ್ದುದು ಅದೇ. ತೆಗೆದುಹಾಕಿದವರು ಸರಿಯಾದುದನ್ನೇ ಮಾಡಿದ್ದರು. ಆಮೇಲೆ ಪುಸ್ತಕವನ್ನು ಮುಚ್ಚಿಟ್ಟು, ಅರ್ಥವಾದುದನ್ನು ತಮ್ಮ ಮಾತಿನಲ್ಲಿ ಹೇಳಿ, ಮತ್ತೆ ಪುಸ್ತಕವನ್ನು ತೆರೆದು ಸರಿನೋಡುವ ಅಭ್ಯಾಸಕ್ಕೆ ಒಂದು ಅವಧಿ ಪೂರ್ತಿ ಹಿಡಿಯಿತು. ಎರಡನೆಯ ಸಲ ಬರೆದುದು ಮೊದಲನೆಯದರ ಕಾಲು ಭಾಗದಷ್ಟಿತ್ತು, ಉಳಿದುಕೊಂಡಿದೆ.

ಕೆರೆಯ ದಡದ ಕಲ್ಲಿನ ಚಿತ್ರವನ್ನು ಸಂಜೆಯ ಓರೆ ಬೆಳಕಿನಲ್ಲಿ ಮತ್ತೊಮ್ಮೆ ತೆಗೆದು, ವಿಕಿಮೀಡಿಯ ಕಾಮನ್ಸ್ ಎಂಬ ಚಿತ್ರಭಂಡಾರಕ್ಕೆ ಹುಡುಗಿಯ ತಂದೆಯ ಒಪ್ಪಿಗೆಯಿಂದ, ಅವಳ ಹೆಸರನ್ನು ಮರೆಮಾಡಿ ಸೇರಿಸಿದೆವು. ಕಲ್ಲನ್ನು ಕೆರೆಯಿಂದ ಎತ್ತಿಡಿರೆಂದು ಕೇಳಿದಾಗ ಊರಿನ ಹೆಂಗಸರು, "ಎತ್ತಿಡಿ, ಆದರೆ ಮೊದಲು ಒಗೆಯುವುದಕ್ಕೆ ಬೇರೊಂದು ಕಲ್ಲು ಹಾಕಿಸಿಕೊಡಿ" ಎಂದರು. ನ್ಯಾಯವಾದ ಮಾತು. ಹೊಸ ಕಲ್ಲು ಬಂದ ಮೇಲೆಯೇ ಹಳೆಯದು ಮೇಲಕ್ಕೆ ಬಂದಿತು.

ನಮ್ಮ ಶಾಲೆಯ ಕಪಾಟಿನಲ್ಲಿಯೂ ಒಂದು ಸಣ್ಣ ಸಂಗ್ರಹಾಲಯವಿರುವುದು: ಹಳೆಯ ಛಾಯಾಚಿತ್ರಗಳು, ಕಸೂತಿಯ ಮಾದರಿಗಳು, ದಾಖಲಾತಿ ಪುಸ್ತಕಗಳು. ದಾಖಲಾತಿ ಪುಸ್ತಕಗಳನ್ನು ಹೊರಗೆ ಇಡಲಾಗದು. ಅವುಗಳಲ್ಲಿ ಕುಟುಂಬಗಳ ಕಷ್ಟಗಳು ಬರೆದಿರುವುವು. ಬದುಕಿರುವವರ ಚಿತ್ರಗಳನ್ನು ಅವರನ್ನು ಕೇಳದೆ ಕೊಡುವುದಿಲ್ಲ. ಉಳಿದ ಚಿತ್ರಗಳನ್ನು ಕೊಡುವುದಕ್ಕೆ ಆಡಳಿತ ಮಂಡಲಿಯವರು ಒಪ್ಪಿರುವರು. ಆದರೆ ಬಹುಪಾಲು ಚಿತ್ರಗಳ ಹಿಂದೆ ಹೆಸರೂ ಇಲ್ಲ, ವರ್ಷವೂ ಇಲ್ಲ. ಹೆಸರಿಲ್ಲದ ಚಿತ್ರವನ್ನು ಯಾವ ವಿಶ್ವಕೋಶವೂ ಏನು ಮಾಡೀತು? ಈ ಸಂಚಿಕೆಯಲ್ಲಿ ಹಳೆಯ ವಿದ್ಯಾರ್ಥಿನಿಯರು ಬರೆದಿರುವ ನೆನಪುಗಳಲ್ಲಿ ವರ್ಷಗಳನ್ನು ತಪ್ಪದೆ ಹಾಕಿರೆಂದು ನಾನು ಪೀಡಿಸಿದುದು ಇದಕ್ಕಾಗಿ. ಶಾಲೆಯ ಸಂಚಿಕೆಯು ದೊಡ್ಡ ಪ್ರಮಾಣಗ್ರಂಥವಲ್ಲ. ಆದರೂ ಬಾವಿಯನ್ನು ಯಾವಾಗ ತೋಡಿದರು, ಮೊದಲ ವಸತಿಗೃಹವು ಎಲ್ಲಿತ್ತು ಎಂಬಷ್ಟಕ್ಕೆ ಸಾಕ್ಷಿ ಹೇಳೀತು.

ಹಳೆಯ ವಿದ್ಯಾರ್ಥಿನಿಯರ ಸಮ್ಮೇಳನದ ದಿನ ಮಧ್ಯಾಹ್ನದ ಊಟವಾದ ಮೇಲೆ ಆ ಚಿತ್ರಗಳನ್ನು ಪಡಸಾಲೆಯ ಮೇಜುಗಳ ಮೇಲೆ ಹರವಿರುತ್ತೇವೆ. ನಿಮ್ಮ ತಾಯಂದಿರನ್ನೂ ಅತ್ತೆಯರನ್ನೂ, ನಡೆಯಲು ಶಕ್ತಿಯಿದ್ದರೆ ಅಜ್ಜಿಯರನ್ನೂ ಕರೆದುಕೊಂಡು ಬನ್ನಿರಿ. ಗುರುತು ಸಿಕ್ಕಿದವರ ಹೆಸರನ್ನು ಚಿತ್ರದ ಹಿಂಬದಿಯಲ್ಲಿ ಬರೆಯಬೇಕು. ಪೆನ್ನು ಬೇಡ, ಶಾಯಿಯು ಮುಂಬದಿಗೆ ಇಳಿಯುವುದು; ಸೀಸದ ಕಡ್ಡಿಗಳನ್ನು ನಾವೇ ಇಟ್ಟಿರುತ್ತೇವೆ.